ಎಂಟು ಸಿಲಿಂಡರಿನ ಠೇವಣಿ

ತಿಂಗಳಿಗೆ ಎರಡು ಭಾನುವಾರ ಹೂಡಿಗೆ ಹೋಗುತ್ತೇನೆ
ಒಂದು ಕಾರನ್ನು ಎಬ್ಬಿಸಲು.
ಓಡಿಸಲು ಅಲ್ಲ,
ಎಬ್ಬಿಸಲು.

ಲಿಫ್ಟಿನಲ್ಲಿ ಮೈನಸ್ ಎರಡು ಒತ್ತಿದರೆ
ಸಿಮೆಂಟಿನ ತಂಪು, ತೊಟ್ಟಿಕ್ಕುವ ಪೈಪು,
ಕಂಬದ ಪಕ್ಕ ಮುಸುಕೆಳೆದು ಮಲಗಿದ ಮಸ್ಟಂಗು.
ಮುಸುಕಿನ ಒಳಗೆ ಇನ್ನೊಂದು ಮುಸುಕು.
ಇಲಿ ವೈರು ಕಡಿಯದಿರಲೆಂದು ನಾಲ್ಕೂ ಚಕ್ರಕ್ಕೆ ಹೊಗೆಸೊಪ್ಪು.
ಬ್ಯಾಟರಿಗೆ ಹಗಲೂ ರಾತ್ರಿ ಹನಿ ಹನಿ ಕರೆಂಟು,
ಆಸ್ಪತ್ರೆಯಲ್ಲಿ ಗ್ಲೂಕೋಸು ಬಿಟ್ಟ ಹಾಗೆ.

ಇದುವರೆಗೆ ಓಡಿದ್ದು ಇನ್ನೂರ ಹನ್ನೆರಡು ಕಿಲೋಮೀಟರು:
ಒಂದು ಸಲ ದೇವನಹಳ್ಳಿ ದಾಟಿ, ಒಂದು ಸಲ ಆರ್‌ಟಿಓಗೆ,
ಉಳಿದದ್ದು ಪೂಜೆಗೆ, ನಿಂಬೆಹಣ್ಣಿನ ಮೇಲೆ.

ಪಿಳ್ಳಪ್ಪನವರು ಸ್ಟೂಲು ಎಳೆದುಕೊಂಡು ಕೂರುತ್ತಾರೆ.
‘ಇಪ್ಪತ್ತು ವರ್ಷ ತಡಿ ನಯಾಜು,
ಬಂಕುಗಳೆಲ್ಲಾ ಕರೆಂಟು ಮಾರ್ತವೆ,
ಗೇರು ಅಂದ್ರೇನು ಅಂತ ಹುಟ್ಟೋ ಮಕ್ಕಳಿಗೆ ಗೊತ್ತಿರಲ್ಲ,
ಆವಾಗ ಕೇಳು ಇದರ ರೇಟು!’

ಕೇಳಬೇಕಾದ್ದು ನನಗೂ ಒಂದಿದೆ, ಕೇಳುವುದಿಲ್ಲ:
ಎಲ್ಲರೂ ಬಚ್ಚಿಟ್ಟದ್ದು ಅಪರೂಪ ಆಗುವುದು ಹೇಗೆ?

ಜೆ.ಸಿ. ರಸ್ತೆಯ ಹಿಂದಿನ ಸಂದಿಯಲ್ಲಿ ನಮ್ಮ ಅಬ್ಬಾ
ಒಂದು ಇಂಪಾಲವನ್ನು ಗ್ಯಾಸ್ ಕಟರಿನಲ್ಲಿ ಕೊಯ್ದು
ಕೆ.ಜಿ. ಲೆಕ್ಕದಲ್ಲಿ ಮಾರಿದ್ದ.
ಮೂರು ದಿನ ಹಿಡಿದಿತ್ತಂತೆ, ದನ ಸುಲಿದಂತೆ.
ಅದರ ಬಾಗಿಲಿನ ಹಿಡಿಯೊಂದು ನಮ್ಮ ಬೀರುವಿಗೆ ಬಂತು.
ಮದುವೆಗೆ, ಮಯ್ಯತ್ತಿಗೆ, ಬಟ್ಟೆ ತೆಗೆಯಲು
ಮೂವತ್ತು ವರ್ಷ ಅಮ್ಮಿ ಎಳೆದದ್ದು ಅದನ್ನೇ.
ಹೋದ ವರ್ಷ ಬಿಳಿ ಶೂ ಹಾಕಿದವನೊಬ್ಬ ಬಂದು
ಬರೀ ಆ ಹಿಡಿಗೆ ಎಂಟು ಸಾವಿರ ಎಣಿಸಿದ.
ಇಡೀ ಕಾರಿಗೆ ಅಬ್ಬಾನಿಗೆ ಬಂದಿದ್ದು ಅಷ್ಟಿಲ್ಲ.
ಬೀರುವಿಗೆ ಈಗ ಸಣಬಿನ ದಾರ ಕಟ್ಟಿದ್ದೇವೆ.

ಅಬ್ಬಾ ಕೊಯ್ದಿದ್ದಕ್ಕೇ ಅಲ್ಲವೇ ಆ ಹಿಡಿಗೆ ಬೆಲೆ?

ಆದರೆ ಪಿಳ್ಳಪ್ಪನವರ ಲೆಕ್ಕ ಬೇರೆ.
ಎಂಬತ್ತಾರರಲ್ಲಿ ಅವರಪ್ಪ ಮೂರೆಕರೆ ರಾಗಿ ಹೊಲ ಕೊಟ್ಟು
ಟ್ರ್ಯಾಕ್ಟರು ತಂದರು.
ಉಳಲು ಆಮೇಲೆ ಏನು ಉಳಿದಿತ್ತು,
ಅದನ್ನು ಯಾರೂ ಕೇಳಲಿಲ್ಲ.
‘ತಡೀಬೇಕಿತ್ತು. ಒಂದು ಹತ್ತು ವರ್ಷ ತಡೀಬೇಕಿತ್ತು.’
ಹೇಳುತ್ತಾ ಕಾಲಿನಿಂದ ನೆಲ ತಟ್ಟುತ್ತಾರೆ.
ಅದೇ ಹೊಲ ಇದು. ನಾವು ಅದರ ಕೆಳಗಿದ್ದೇವೆ,
ರಾಗಿಯ ಬೇರು ಕನಸಿನಲ್ಲೂ ಇಳಿಯದಷ್ಟು ಕೆಳಗೆ.
ಮೇಲೆ ಹದಿನಾಲ್ಕು ಮಹಡಿ, ಅದರಲ್ಲಿ ಒಂದು ಅವರದು,
ಸಾಲದ್ದು.

ಕೀಲಿ ತಿರುಗಿಸುತ್ತೇನೆ.
ಮೊದಲು ಒಂದು ಕೆಮ್ಮು. ಆಮೇಲೆ
ಕಂಬ ಕಂಬಕ್ಕೆ ಬಡಿದು ವಾಪಸು ಬರುವ ಗುಡುಗು,
ಎದೆಗೂಡಿನ ಒಳಗಿಂದ ಯಾರೋ ಬಾಗಿಲು ತಟ್ಟಿದ ಹಾಗೆ.
ಪಕ್ಕದ ಸ್ಕೂಟರಿನ ಕನ್ನಡಿ ನಡುಗುತ್ತದೆ.
ಪಿಳ್ಳಪ್ಪನವರು ಕಣ್ಣು ಮುಚ್ಚುತ್ತಾರೆ. ಆ ಹತ್ತು ನಿಮಿಷ
ಅವರು ರೇಟಿನ ಮಾತಾಡಿದ್ದು ನಾನು ಕಂಡಿಲ್ಲ.

ಇವತ್ತು ಆರನೇ ಮಹಡಿಯ ಹುಡುಗಿ ಬಂದಿದ್ದಳು,
ಬ್ಯಾಟರಿ ಕಾರಿನಿಂದ ಸದ್ದಿಲ್ಲದೆ ಇಳಿದು, ಕಿವಿ ಮುಚ್ಚಿ,
‘ಅಂಕಲ್, ಇದಕ್ಕೆ ಹುಷಾರಿಲ್ವಾ?’

ಪಿಳ್ಳಪ್ಪನವರು ಎದ್ದರು. ‘ಬಾ ಪುಟ್ಟಿ, ಕೂತ್ಕೋ’ ಅನ್ನುವ ಹಾಗೆ
ಬಾಗಿಲಿಗೆ ಕೈ ಹಾಕಿದರು.
ಸೀಟಿನ ಪ್ಲಾಸ್ಟಿಕ್ಕು ನೋಡಿದರು.
ಅವಳ ಕೈಯಲ್ಲಿ ಕರಗುತ್ತಿದ್ದ ಐಸ್‌ಕ್ಯಾಂಡಿ ನೋಡಿದರು.
‘ಹುಷಾರಾಗಿದೆ, ಹೋಗು’ ಅಂದರು.

ಚಕ್ರ ಒಂದೇ ಕಡೆ ಚಪ್ಪಟೆಯಾಗದಿರಲೆಂದು
ಕಾರನ್ನು ಒಂದು ಗೇಣು ಮುಂದೆ ಸರಿಸಿದೆ.
ಹೋದ ಸಲ ಒಂದು ಗೇಣು ಹಿಂದೆ.
ಮುಂದೆ, ಹಿಂದೆ, ಅದೇ ಸಾಲಿನಲ್ಲಿ,
ನಾಲ್ಕುನೂರು ಕುದುರೆ ಕಟ್ಟಿ
ಅವರಪ್ಪನ ಹೊಲವನ್ನು ಅಡಿಯಿಂದ ಉತ್ತ ಹಾಗೆ.

ಹೊಗೆ ಇನ್ನೂ ಕದಲಿರಲಿಲ್ಲ, ಮುಸುಕು ಎಳೆದೆವು,
ಒಳಗಿನದು, ಹೊರಗಿನದು.
‘ಬರೋವಾಗ ಹೊಗೆಸೊಪ್ಪು ತಾ’ ಅಂದರು.
ನನಗೆ ಎಂಟುನೂರು.
ಇವತ್ತಿನ ರೇಟು.